ಚಂಡಮಾರುತ ಬರ್ತಿದೆ ಅಂದಾಗ ತರಕಾರಿ ಪಾತಿ, ಹಣ್ಣಿನ ಮರ ಕಾಪಾಡ್ಕೊಳ್ಳೋದು ಹೇಗೆ

ಚಂಡಮಾರುತದ ಸುದ್ದಿ ಬಂದ ತಕ್ಷಣ ಎಲ್ರೂ ಕಿಟಕಿ, ಕುಡಿಯೋ ನೀರು, ಟಾರ್ಚು, ಪವರ್ ಬ್ಯಾಂಕು ಅಂತ ಓಡಾಡ್ತಾರೆ, ಅದು ಸರೀನೇ, ಮೊದಲು ಮನುಷ್ಯರು ಆಮೇಲೆ ಗಿಡ. ಆದ್ರೆ ಹಿತ್ತಲಲ್ಲಿ ನಾಲ್ಕೈದು ವರ್ಷ ಸಾಕಿದ ಮಾವು, ಬೆಣ್ಣೆಹಣ್ಣು ಇರೋರಿಗೆ, ಟೆರೇಸ್ ತುಂಬಾ ಟೊಮೇಟೊ ಪಾಟು ಇಟ್ಕೊಂಡೋರಿಗೆ ಇನ್ನೊಂದು ತಲೆಬಿಸಿ ಇದ್ದೇ ಇರತ್ತೆ. ಏನ್ ಉಳಿಸ್ಬೇಕು, ಏನ್ ಬಿಟ್ಟುಬಿಡ್ಬೇಕು, ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ದೆ ಕೊನೇ ಗಳಿಗೇಲಿ ಹಗ್ಗ ಹಿಡ್ಕೊಂಡು ಗಾಳೀಲಿ ಓಡಾಡೋದೇ ಆಗತ್ತೆ.

ಅದಕ್ಕೆ ಒಂದು ಲೆಕ್ಕ ಮೊದಲೇ ತಲೇಲಿ ಇಟ್ಕೊಳ್ಳಿ. ಎಲೆ ಹೋದ್ರೆ ಮತ್ತೆ ಬರತ್ತೆ. ಕಾಯಿ ಉದುರಿದ್ರೆ ಮುಂದಿನ ಸಲ ಬಿಡತ್ತೆ. ಕೊಂಬೆ ಮುರಿದ್ರೂ ಪಕ್ಕದಲ್ಲಿ ಚಿಗುರತ್ತೆ. ಬೇರು ಕಿತ್ಕೊಂಡು ಬಂದ್ರೆ, ಇಲ್ಲಾ ನೀರಲ್ಲಿ ನಿಂತು ಕೊಳೆತ್ರೆ ಮಾತ್ರ ನಿಜವಾದ ನಷ್ಟ. ಆದ್ರಿಂದ ಯಾವ ಕೆಲಸ ಮಾಡೋಕೆ ಮುಂಚೆನೂ ಇದ್ರಿಂದ ಬೇರಿಗೆ ಒಳ್ಳೇದಾಗತ್ತಾ ಅಂತ ಕೇಳ್ಕೊಳ್ಳಿ, ಆಗಲ್ಲ ಅಂದ್ರೆ ಆ ಕೆಲಸ ಲಿಸ್ಟಲ್ಲಿ ಕೆಳಗೆ ಹೋಗ್ಲಿ.

ಮೊದಲು ಗಾಳಿ ಎಷ್ಟು ಅಂತ ನೋಡಿ

ಹರಿಕೇನ್, ಸೈಕ್ಲೋನ್, ಟೈಫೂನ್ ಎಲ್ಲಾ ಒಂದೇ ಜಾತಿ ಬಿರುಗಾಳಿ, ಯಾವ ಸಮುದ್ರದಲ್ಲಿ ಹುಟ್ತು ಅನ್ನೋದರ ಮೇಲೆ ಹೆಸರು ಬೇರೆ ಅಷ್ಟೇ. ಒಂದೇ ಸಮ ಬೀಸೋ ಗಾಳಿ ಗಂಟೆಗೆ 119 ಕಿಲೋಮೀಟರ್ ಮುಟ್ಟಿದ್ರೆ ಅದನ್ನ ಹರಿಕೇನ್ ಅಂತಾರೆ. ಅದರ ಜೋರನ್ನ ಅಮೆರಿಕದೋರು ಐದು ಕೆಟಗರಿ ಅಂತ ವಿಂಗಡಿಸ್ತಾರೆ: 153ರ ತನಕ ಕೆಟಗರಿ 1, 177ರ ತನಕ 2, 208ರ ತನಕ 3, 251ರ ತನಕ 4, ಅದರ ಮೇಲೆ ಎಲ್ಲಾ 5.

ಇಲ್ಲಿ ಒಂದು ವಿಷಯ ತುಂಬಾ ಜನ ಗಮನಿಸಲ್ಲ. ಗಾಳಿ ವೇಗ ಎರಡು ಪಟ್ಟು ಆದ್ರೆ ಮರದ ಮೇಲೆ ಬೀಳೋ ಒತ್ತಡ ನಾಲ್ಕು ಪಟ್ಟು ಆಗತ್ತೆ. ಮಾಮೂಲಿ ಮಳೆಗಾಲದ 60 ಕಿಲೋಮೀಟರ್ ಗಾಳೀಲಿ ಅಲ್ಲಾಡದೇ ನಿಂತ ಚಪ್ಪರ 120ರಲ್ಲೂ ನಿಲ್ಲತ್ತೆ ಅಂದ್ಕೋಬೇಡಿ. ನನ್ನ ಅಭಿಪ್ರಾಯ ಕೇಳಿದ್ರೆ ಕೆಟಗರಿ 1, 2ರ ತನಕ ನಿಮ್ಮ ತಯಾರಿಯಿಂದ ನಿಜವಾಗ್ಲೂ ವ್ಯತ್ಯಾಸ ಆಗತ್ತೆ, 3ರಲ್ಲಿ ಅರ್ಧಂಬರ್ಧ, 4-5 ಬರ್ತಿದೆ ಅಂದ್ರೆ ಕುಯ್ಯೋದನ್ನ ಕುಯ್ಕೊಂಡು, ಹಾರೋದನ್ನ ಒಳಗೆ ಹಾಕಿ, ಗಿಡದ ಆಸೆ ಬಿಟ್ಟು ಹೊರಡೋದೇ ವಾಸಿ.

ಸೀಸನ್ ಶುರುವಾಗೋ ಮುಂಚೆ: ನಿಜವಾದ ಕೆಲಸ ಇರೋದು ಇಲ್ಲೇ

ಬಿರುಗಾಳಿ ವಾರ್ನಿಂಗ್ ಬಂದ ಮೇಲೆ ಮರಕ್ಕೆ ಮಾಡೋಕೆ ಆಗೋದು ತುಂಬಾ ಕಮ್ಮಿ. ಮರದ ಕೆಲಸ ಎಲ್ಲಾ ತಿಂಗಳುಗಟ್ಟಲೆ ಮುಂಚೆನೇ ಆಗಿರ್ಬೇಕು, ಅದ್ರಲ್ಲೂ ಎತ್ತರದ ವಿಷಯ. ಮನೆ ಹತ್ರದ ಹಣ್ಣಿನ ಮರಾನ 12-15 ಅಡಿ ಒಳಗೆ ಇಟ್ಕೊಳ್ಳಿ, ಕಾಯಿ ಕೀಳೋಕೂ ಅನುಕೂಲ, ಗಾಳಿಗೂ ಕಮ್ಮಿ ಸಿಗತ್ತೆ. 1992ರ ಆಗಸ್ಟಲ್ಲಿ ಆಂಡ್ರೂ ಅನ್ನೋ ಹರಿಕೇನ್ ದಕ್ಷಿಣ ಫ್ಲೋರಿಡಾದ ಮಾವು, ಬೆಣ್ಣೆಹಣ್ಣು, ನಿಂಬೆ ತೋಟಗಳ ಮೇಲೇ ಹಾದು ಹೋಯ್ತು. ಆಮೇಲೆ ಅಲ್ಲಿನ ತೋಟಗಾರಿಕೆಯೋರು ಯಾವ ಮರ ಬಿತ್ತು, ಯಾವುದು ನಿಂತಿತ್ತು ಅಂತ ಲೆಕ್ಕ ಹಾಕಿದಾಗ ಎತ್ತರ ಸವರಿ ಕುಳ್ಳಗೆ ಇಟ್ಟ ಮರಗಳ ಪಾಡು ಎಷ್ಟೋ ವಾಸಿ ಇತ್ತು. ಇನ್ನೊಂದು, ಗೂಟಿ ಕಟ್ಟಿ, ಅಂದ್ರೆ ಮರದ ಕೊಂಬೇಲೇ ಬೇರು ಬರಿಸಿ ಕತ್ತರಿಸಿ ನೆಟ್ಟು, ಬೆಳೆಸಿದ ನಿಂಬೆ ಮರಗಳು ಕಸಿ ಮಾಡಿದ, ಅಂದ್ರೆ ಬೇರೆ ಗಿಡದ ಬುಡಕ್ಕೆ ಒಳ್ಳೇ ತಳಿ ಕೂಡಿಸಿದ ಮರಗಳಿಗಿಂತ ಜಾಸ್ತಿ ಬಿದ್ದಿದ್ವು, ಗೂಟಿ ಗಿಡಕ್ಕೆ ತಾಯಿಬೇರು ಇರಲ್ಲ ನೋಡಿ. ಗಾಳಿ ಜಾಸ್ತಿ ಇರೋ ಕಡೆ ಹೊಸದಾಗಿ ಗಿಡ ಹಾಕೋರು ಇದನ್ನ ನೆನಪಿಟ್ಕೊಳ್ಳಿ, ನರ್ಸರೀಲಿ ಗೂಟಿನಾ ಕಸಿನಾ ಅಂತ ಕೇಳೇ ತಗೊಳ್ಳಿ.

ಸವರೋದು ಅಂದ್ರೆ ಒಳಗಡೆ ಕೊಂಬೆ ಎಲ್ಲಾ ಕಡಿದು ತುದೀಲಿ ಮಾತ್ರ ಎಲೆ ಪೊದೆ ಬಿಡೋದಲ್ಲ. ಸುಮಾರು ಜನ "ಗಾಳಿ ಒಳಗಿಂದ ಹಾದು ಹೋಗ್ಲಿ" ಅಂತ ಹಾಗೆ ಮಾಡಿಸ್ತಾರೆ, ಆದ್ರೆ ಆಗ ಭಾರ ಎಲ್ಲಾ ಕೊಂಬೆ ತುದೀಗೆ ಹೋಗಿ ಮಧ್ಯದಲ್ಲಿ ಪಟ್ಟಂತ ಮುರಿಯತ್ತೆ. ಮಾಡ್ಬೇಕಾಗಿರೋದು ಇಷ್ಟು: ಒಣಗಿದ್ದು, ಹುಳ ಹಿಡಿದದ್ದು, ಒಂದರ ಮೇಲೊಂದು ಉಜ್ಜಾಡೋ ಕೊಂಬೆ ತೆಗೀರಿ, ಉದ್ದ ಹೋದ ಕೊಂಬೇನ ಪಕ್ಕದ ಕವಲಿನ ತನಕ ಹಿಂದಕ್ಕೆ ಕತ್ತರಿಸಿ, ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ಕಾಂಡದಿಂದ ಎರಡು ದಪ್ಪ ಕವಲು ಇಕ್ಕಟ್ಟಾಗಿ ವಿ ಆಕಾರದಲ್ಲಿ ಮೇಲೆ ಹೋಗಿದ್ರೆ, ಮಧ್ಯದಲ್ಲಿ ತೊಗಟೆ ಒಳಕ್ಕೆ ಮಡಚ್ಕೊಂಡಿದ್ಯಾ ಅಂತ ಬೆರಳಾಡಿಸಿ ನೋಡಿ, ಮಡಚಿದ್ರೆ ಆ ಜಾಗದಲ್ಲಿ ಮರಕ್ಕೆ ಮರ ಅಂಟ್ಕೊಂಡಿಲ್ಲ ಅಂತ ಅರ್ಥ, ಜೋರು ಗಾಳಿ ಬಂದ್ರೆ ಸೀಳೋದು ಅಲ್ಲೇ. ಗಿಡ ಚಿಕ್ಕದಿದ್ದಾಗ್ಲೇ ಎರಡರಲ್ಲಿ ಒಂದನ್ನ ತೆಗೆದ್ರೆ ಕಥೆ ಮುಗೀತು.

ದಪ್ಪ ಕೊಂಬೆ ಕಡಿಯುವಾಗ ಮೂರು ಸಲ ಕತ್ತರಿಸಿ. ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಡೆಯಿಂದ ಕಾಲು ಭಾಗ ಗರಗಸ ಹಾಕಿ, ಅದಕ್ಕಿಂತ ಸ್ವಲ್ಪ ಆಚೆ ಮೇಲಿಂದ ಕುಯ್ದು ಕೊಂಬೆ ಬೀಳಿಸಿ, ಕೊನೇಲಿ ಉಳಿದ ಮೋಟನ್ನ ಬುಡದಲ್ಲಿ ಉಬ್ಬಿರೋ ಉಂಗುರದಂಥ ಜಾಗ ಬಿಟ್ಟು ಕತ್ತರಿಸಿ. ಒಂದೇ ಏಟಿಗೆ ಮೇಲಿಂದ ಕುಯ್ದ್ರೆ ಕೊಂಬೆ ಬೀಳುವಾಗ ಕಾಂಡದ ತೊಗಟೇನೂ ಹರ್ಕೊಂಡು ಬರತ್ತೆ.

ತೆಂಗಿನ ವಿಷಯ ಪೂರಾ ಬೇರೆ. ಬಿರುಗಾಳಿ ಬರತ್ತೆ ಅಂತ ಹಸಿರು ಗರಿ ಎಲ್ಲಾ ಕಡಿಸಿ ಮೇಲೆ ನಾಲ್ಕು ಗರಿ ಬಿಡಿಸೋರಿದ್ದಾರೆ, ಅದು ಬೇಡವೇ ಬೇಡ. ತೆಂಗು ಬೆಳೆಯೋದು ನೆತ್ತಿಯ ಒಂದೇ ಒಂದು ಸುಳಿಯಿಂದ, ಸುತ್ತ ಇರೋ ಹಸಿರು ಗರಿಗಳು ಆ ಸುಳಿಗೆ ಆಸರೆ. ಒಣಗರಿ, ಬಲಿತ ಕಾಯಿ ಮಾತ್ರ ಇಳಿಸಿ. 120 ಕಿಲೋಮೀಟರ್ ಗಾಳೀಲಿ ಹಾರಿ ಬರೋ ತೆಂಗಿನಕಾಯಿ ಏನ್ ಮಾಡಬಹುದು ಅಂತ ನಾನು ಹೇಳ್ಬೇಕಾಗಿಲ್ಲ.

ಹೊಸದಾಗಿ ನೆಟ್ಟ, ಎರಡು ವರ್ಷದೊಳಗಿನ ಗಿಡಕ್ಕೆ ಮಾತ್ರ ಗೂಟ ಬೇಕು. ಮೂರು ಕಡೆ ಗೂಟ ಹೊಡೀರಿ, ಒಂದೇ ಕಡೆ ಅಲ್ಲ, ಯಾಕಂದ್ರೆ ಚಂಡಮಾರುತದ ಗಾಳಿ ದಿಕ್ಕು ಬದಲಾಯಿಸತ್ತೆ. ಕಟ್ಟೋಕೆ ಹಳೇ ಸೈಕಲ್ ಟ್ಯೂಬ್ ಇಲ್ಲಾ ಅಗಲ ಬಟ್ಟೆ ಪಟ್ಟಿ ತಗೊಳ್ಳಿ, ತಂತಿ ಬೇಡ, ಗಾಳಿಗೆ ತಂತಿ ತೊಗಟೆ ಕುಯ್ದು ಸುತ್ತ ಗಾಯ ಮಾಡಿದ್ರೆ ಬಿರುಗಾಳೀಲಿ ಉಳಿದ ಗಿಡ ಆಮೇಲೆ ಒಣಗತ್ತೆ. ಸ್ವಲ್ಪ ಅಲ್ಲಾಡೋಷ್ಟು ಸಡಿಲ ಇರ್ಲಿ, ಅಲ್ಲಾಡಿದ್ರೇನೇ ಕಾಂಡ, ಬೇರು ಗಟ್ಟಿ ಆಗೋದು. ದೊಡ್ಡ ಮರಾನ ಮನೆ ಕಂಬಕ್ಕೋ ಗೇಟಿಗೋ ಹಗ್ಗದಲ್ಲಿ ಕಟ್ಟೋ ಐಡಿಯಾ ಬಂದ್ರೆ ಅಲ್ಲೇ ಬಿಡಿ, ಮರ ಬಿದ್ರೆ ಕಂಬಾನೂ ಎಳ್ಕೊಂಡೇ ಬೀಳೋದು.

ಗೊಬ್ಬರದ ಬಗ್ಗೆ ಒಂದೇ ಮಾತು, ಸೀಸನ್ ಹತ್ರ ಬಂದಾಗ ಯೂರಿಯಾ ಥರದ್ದು ಸುರೀಬೇಡಿ. ಎಳೇ ಚಿಗುರು ತುಂಬಾ ಬಂದು ಮರದ ತಲೆಭಾರ ಜಾಸ್ತಿ ಆಗತ್ತೆ.

ನಾಲ್ಕೈದು ದಿನ ಇದೆ ಅಂದಾಗ

ಈಗ ದೊಡ್ಡ ಪ್ರೂನಿಂಗ್ ಮಾಡೋ ಟೈಮ್ ಅಲ್ಲ. ಕಡಿದ ಕೊಂಬೆ ರಾಶಿ ಸಾಗಿಸೋಕೆ ಯಾರೂ ಸಿಗಲ್ಲ, ಆ ರಾಶಿನೇ ಗಾಳೀಲಿ ಹಾರಿ ಯಾರದ್ದೋ ಕಿಟಕಿ ಒಡೆಯತ್ತೆ. ಒಣಕೊಂಬೆ ಒಂದೆರಡು ತೆಗೆದು ಅಷ್ಟಕ್ಕೇ ನಿಲ್ಲಿಸಿ.

ಗುದ್ದಲಿ ತಗೊಳ್ಳಿ, ನೀರಿಗೆ ದಾರಿ ಮಾಡಿ. ಗಾಳಿಗಿಂತ ಜಾಸ್ತಿ ಗಿಡ ಸಾಯೋದು ನೀರಿಂದ ಅನ್ಸತ್ತೆ ನಂಗೆ, ಯಾಕಂದ್ರೆ ಗಾಳಿ ಒಂದು ದಿನ, ನೀರು ನಿಂತ್ರೆ ವಾರ. ಬೇರೂ ಉಸಿರಾಡ್ಬೇಕು, ಮಣ್ಣಲ್ಲಿ ಗಾಳಿ ಇರೋ ಸಂದು ಎಲ್ಲಾ ನೀರು ತುಂಬ್ಕೊಂಡ್ರೆ ಉಸಿರುಗಟ್ಟತ್ತೆ. ಪಪ್ಪಾಯಿ ಎರಡು ದಿನ ನೀರಲ್ಲಿ ನಿಂತ್ರೆ ಉಳಿಯೋದು ಕಷ್ಟ, ಬೆಣ್ಣೆಹಣ್ಣೂ ಅಷ್ಟೇ, ಅದಕ್ಕೆ ಆಮೇಲೆ ಬೇರುಕೊಳೆ ರೋಗನೂ ಹಿಡಿಯತ್ತೆ. ಹಲಸಿಗೂ ಆಗಿ ಬರಲ್ಲ. ಮಾವು ಸ್ವಲ್ಪ ತಡ್ಕೊಳ್ಳತ್ತೆ, ಸೀಬೆ, ಸಪೋಟ ಇನ್ನೂ ಗಟ್ಟಿ. ಅದಕ್ಕೆ ಕಾಲುವೆ ಮಾಡುವಾಗ ಪಪ್ಪಾಯಿ, ಬೆಣ್ಣೆಹಣ್ಣಿನ ಬುಡದಿಂದಾನೇ ಶುರು ಮಾಡಿ, ಸೀಬೆ ಆಮೇಲೆ ನೋಡ್ಕೊಂಡ್ರೆ ಆಯ್ತು. ಬೇಸಿಗೇಲಿ ನೀರು ನಿಲ್ಲಿಸೋಕೆ ಅಂತ ಮರದ ಸುತ್ತ ಕಟ್ಟಿದ ಪಾತಿ ಏರೀನ ತಗ್ಗಿನ ಕಡೆ ಒಡೆದು ಬಿಡಿ. ತರಕಾರಿ ಸಾಲುಗಳ ಮಧ್ಯೆ ಒಂದು ಗೇಣು ಆಳ ಕಾಲುವೆ ತೆಗೆದು, ಬಂದ ಮಣ್ಣನ್ನ ಬದನೆ, ಮೆಣಸಿನ ಗಿಡದ ಬುಡಕ್ಕೆ ಏರಿಸಿ, ನೀರೂ ಹೋಗತ್ತೆ, ಗಿಡಕ್ಕೂ ಒಂದು ಹಿಡಿತ ಸಿಗತ್ತೆ. ಮರದ ಬುಡಕ್ಕೆ ಮಾತ್ರ ಮಣ್ಣು ಗುಡ್ಡೆ ಹಾಕ್ಬೇಡಿ, ತೊಗಟೆ ಕೊಳೆಯತ್ತೆ. ಡ್ರಿಪ್ ಟೈಮರ್ ಇದ್ರೆ ಆಫ್ ಮಾಡಿ, ನೆನೆದ ಮಣ್ಣಿಗೆ ಬೇರು ಹಿಡ್ಕೊಳ್ಳೋ ಶಕ್ತಿ ಕಮ್ಮಿ, ಅದನ್ನ ನಾವೇ ಮುಂಚಿತವಾಗಿ ನೆನೆಸೋದು ಯಾಕೆ.

ಏನ್ ಕುಯ್ಯೋದು, ಏನ್ ಬಿಡೋದು

ಎಲ್ಲಾ ಕಾಯಿ ಕಿತ್ತುಬಿಡೋಣ ಅನ್ಸತ್ತೆ, ಆದ್ರೆ ಕಿತ್ತ ಮೇಲೆ ಹಣ್ಣಾಗೋ ಜಾತಿ ಬೇರೆ, ಆಗದೇ ಇರೋ ಜಾತಿ ಬೇರೆ, ಇದು ಗೊತ್ತಿದ್ರೆ ಕೆಲಸ ಅರ್ಧ ಕಮ್ಮಿ. ಮಾವು, ಬಾಳೆ, ಪಪ್ಪಾಯಿ, ಸಪೋಟ, ಸೀಬೆ, ಟೊಮೇಟೊ ಇವೆಲ್ಲಾ ಬಲಿತಿದ್ರೆ ಒಳಗಿಟ್ರೂ ಹಣ್ಣಾಗತ್ತೆ. ಬೆಣ್ಣೆಹಣ್ಣಂತೂ ಮರದಲ್ಲಿ ಇರೋ ತನಕ ಮೆತ್ತಗೇ ಆಗಲ್ಲ, ಕಿತ್ತ ಮೇಲೇ ಆಗೋದು, ಅದಕ್ಕೆ ಬಲಿತ ಬೆಣ್ಣೆಹಣ್ಣನ್ನ ಯೋಚನೆ ಇಲ್ದೆ ಕೀಳಿ. ಕಿತ್ತಳೆ, ಮೂಸಂಬಿ, ದ್ರಾಕ್ಷಿ, ದಾಳಿಂಬೆ ಹಾಗಲ್ಲ, ಕಿತ್ತಾಗ ಎಷ್ಟು ಸಿಹಿ ಇತ್ತೋ ಅಷ್ಟೇ, ಆಮೇಲೆ ಬಣ್ಣ ತಿರುಗಿದ್ರೂ ಸಿಹಿ ಬರಲ್ಲ. ಒಂದು ಕುಯ್ದು ತಿಂದು ನೋಡಿ, ರುಚಿ ಬಂದಿದ್ರೆ ಆ ಮರದ್ದು ಬಿಡಿಸ್ಕೊಳ್ಳಿ, ಹುಳಿ ಇದ್ರೆ ಗಾಳಿ ಏನ್ ಮಾಡತ್ತೋ ಮಾಡ್ಲಿ.

ಮಾವು ಬಲಿತಿದ್ಯಾ ಅಂತ ನೋಡೋಕೆ ಬಣ್ಣ ನಂಬ್ಬೇಡಿ, ತೊಟ್ಟಿನ ಹತ್ರ ನೋಡಿ. ಎಳೇ ಕಾಯೀಲಿ ತೊಟ್ಟಿನ ಎರಡೂ ಪಕ್ಕ ಜಾರಿದ ಹಾಗೆ ಇಳಿದಿರತ್ತೆ, ಬಲಿತ ಮೇಲೆ ಹೆಗಲು ಉಬ್ಬಿ ತೊಟ್ಟು ಸಣ್ಣ ಗುಳೀಲಿ ಕೂತ ಹಾಗೆ ಕಾಣತ್ತೆ. ಪಪ್ಪಾಯೀಲಿ ತಳದಿಂದ ಒಂದು ಹಳದಿ ಗೀರು ಬಂದಿದ್ರೆ ಸಾಕು. ಟೊಮೇಟೊ ಕಡು ಹಸಿರಿಂದ ಬಿಳಿಚಿಕೊಂಡು ತಳದಲ್ಲಿ ಒಂಚೂರು ಗುಲಾಬಿ ಬಣ್ಣ ಕಂಡ್ರೆ ಕಿತ್ಕೊಳ್ಳಿ, ಒಂದರ ಮೇಲೊಂದು ಹೇರದೆ ಪೇಪರ್ ಮೇಲೆ ಹರಡಿ ಇಡಿ, ಫ್ರಿಜ್‌ನಲ್ಲಿಟ್ರೆ ಹಣ್ಣಾಗೋದು ನಿಂತ್ಹೋಗತ್ತೆ. ಸೌತೆ, ಹೀರೆ, ಬೆಂಡೆ, ಹುರಳಿಕಾಯಿ ಎಳೇದಿದ್ರೂ ಕೀಳಿ, ತಿನ್ನೋದೇ ಎಳೇದು. ಸೊಪ್ಪನ್ನ ಬುಡದಿಂದ ಎರಡು ಬೆರಳು ಬಿಟ್ಟು ಕುಯ್ದುಬಿಡಿ, ಮಣ್ಣು ಮೆತ್ಕೊಂಡ ಸೊಪ್ಪು ಆಮೇಲೆ ಯಾರೂ ತಿನ್ನಲ್ಲ, ಬೇರು ಉಳಿದಿದ್ರೆ ಮತ್ತೆ ಚಿಗುರತ್ತೆ. ನೆಲದೊಳಗಿನ ಗೆಣಸು, ಮೂಲಂಗಿ, ಕ್ಯಾರೆಟ್ ಗಾಳಿಗೆ ಸೇಫ್, ಆದ್ರೆ ನಿಮ್ಮ ಜಾಗದಲ್ಲಿ ಹೊಳೆ ನೀರೋ ಚರಂಡಿ ನೀರೋ ನುಗ್ಗೋ ಹಾಗಿದ್ರೆ ಅದನ್ನೂ ಅಗೆದು ತಗೊಳ್ಳಿ.

ಬಾಳೆ ಬಗ್ಗೆ ಸ್ವಲ್ಪ ಗಟ್ಟಿ ಮನಸ್ಸು ಮಾಡ್ಬೇಕು. ಬಾಳೆ ಎಲೆ ಅಂದ್ರೆ ಒಂದೊಂದೂ ಒಂದೊಂದು ಹಾಯಿ, ಗಾಳಿ ಹಿಡ್ಕೊಂಡು ದಿಂಡನ್ನೇ ಮಡಚಿ ಹಾಕತ್ತೆ. ಗೊನೆ ಮುಕ್ಕಾಲು ತುಂಬಿದ್ರೆ ಕಡೀರಿ. ತುಂಬಿಲ್ಲ ಅಂದ್ರೆ ಮೇಲಿನ ಎರಡು ಮೂರು ಎಲೆ ಬಿಟ್ಟು ಉಳಿದದ್ದೆಲ್ಲಾ ಕತ್ತರಿಸಿ, ಗೊನೆ ಕಡೆಯಿಂದ ಎರಡು ಬಿದಿರು ಕತ್ತರಿ ಹಾಕಿ ಊರುಗೋಲು ಕೊಡಿ. ಅಷ್ಟಾದ್ರೂ ಬಿದ್ರೆ ಬೀಳ್ಲಿ, ಗೆಡ್ಡೆ ನೆಲದಲ್ಲಿ ಇದ್ರೆ ಪಕ್ಕದ ಮರಿಕಂದು ಮೇಲೆ ಬರತ್ತೆ, ಅದಕ್ಕೆ ಪ್ರತಿ ಬುಡದಲ್ಲೂ ಒಂದೆರಡು ಒಳ್ಳೇ ಕಂದು ಉಳಿಸ್ಕೊಳ್ಳಿ. ಪಪ್ಪಾಯಿಗೂ ಇದೇ ಉಪಾಯ, ಕಾಯಿ ಭಾರ ಇಳಿಸಿ, ನೆತ್ತಿಯ ಐದಾರು ಎಳೇ ಎಲೆ ಬಿಟ್ಟು ದೊಡ್ಡ ಎಲೆ ಎಲ್ಲಾ ತೆಗೀರಿ.

ಕೊನೇ 36 ಗಂಟೆ

ಶೇಡ್ ನೆಟ್ ಮೊದಲು ಬಿಚ್ಚಿ. ನೆಟ್‌ನಲ್ಲಿ ತೂತು ಇದೆ, ಗಾಳಿ ಪಾಸಾಗತ್ತೆ ಅಂದ್ಕೋಬೇಡಿ, ಮೇಲೆ ಕಟ್ಟಿದ ನೆಟ್ ಪೈಪನ್ನೂ ಕಿತ್ಕೊಂಡು ಹೋಗತ್ತೆ. ಬಿಚ್ಚಿದ ನೆಟ್ ಹಾಗೇ ಮಡಚಿ ಇಡೋ ಬದಲು ಕುಳ್ಳ ಗಿಡಗಳ ಮೇಲೆ, ಸೊಪ್ಪಿನ ಪಾತಿ ಮೇಲೆ ನೆಲಕ್ಕೆ ಅಂಟೋ ಹಾಗೆ ಹಾಸಿ, ಸುತ್ತ ಅಂಚಿಗೆ ಮಣ್ಣು ಇಟ್ಟಿಗೆ ಹೇರಿ ಒಂದು ಕಡೇನೂ ಬಾಯಿ ತೆರೀದೇ ಇರೋ ಹಾಗೆ ಮಾಡಿದ್ರೆ ಮಳೆ ಹೊಡೆತ ತಡೆಯತ್ತೆ. ಬಕೆಟ್ ಬೋರಲು ಹಾಕೋದು ಬೇಡ, ಅದು ಹಾರತ್ತೆ.

ಚಪ್ಪರದ ಬಳ್ಳಿ, ಹಾಗಲ, ಹೀರೆ, ಹುರಳಿ, ಇದ್ರಲ್ಲಿ ಎರಡೇ ದಾರಿ. ದಾರದ ಚಪ್ಪರ ಆದ್ರೆ ಒಂದು ಕಡೆ ದಾರ ಕತ್ತರಿಸಿ ಬಳ್ಳಿ ಸಮೇತ ನಿಧಾನಕ್ಕೆ ನೆಲಕ್ಕೆ ಮಲಗಿಸಿ, ಮೇಲೆ ನೆಟ್ ಹಾಸಿ. ಕಬ್ಬಿಣದ ಗಟ್ಟಿ ಚಪ್ಪರ ಆದ್ರೆ ಬಳ್ಳೀನ ಎದೆ ಎತ್ತರಕ್ಕೆ ಕತ್ತರಿಸಿ ಭಾರ ಇಳಿಸಿ, ಬುಡ ಚೆನ್ನಾಗಿದ್ರೆ ಮತ್ತೆ ಹಬ್ಬತ್ತೆ. ಎತ್ತರ ಬೆಳೆದ ಟೊಮೇಟೊನೂ ಕೋಲಿಂದ ಬಿಚ್ಚಿ ಸಾಲಿನ ಉದ್ದಕ್ಕೆ ಮಲಗಿಸಬಹುದು, ಮಣ್ಣಿಗೆ ತಾಗಿದ ಕಾಂಡದಿಂದ ಟೊಮೇಟೊ ಹೊಸ ಬೇರು ಬಿಡತ್ತೆ, ಹಾಗಾಗಿ ನಷ್ಟ ಏನಿಲ್ಲ.

ಪಾಟುಗಳಲ್ಲಿ ಹೊರೋಕೆ ಆಗೋದನ್ನ ಒಳಗೆ ತನ್ನಿ. ದೊಡ್ಡದನ್ನ ಗೋಡೆ ಬುಡದಲ್ಲಿ ಒತ್ತೊತ್ತಾಗಿ ಇಟ್ಟು, ಅಡ್ಡ ಮಲಗಿಸಿ, ಉರುಳದ ಹಾಗೆ ಪಕ್ಕಕ್ಕೆ ಇಟ್ಟಿಗೆ ಕೊಟ್ಟು, ಸುತ್ತ ಒಂದು ಹಗ್ಗ ಬಿಗೀರಿ. ಮಲಗಿಸೋಕೆ ಆಗದೇ ಇರೋ ದೊಡ್ಡ ಪಾಟಿನ ಕೆಳಗಿನ ತಟ್ಟೆ ತೆಗೀರಿ, ನೀರು ನಿಲ್ಲೋದು ಬೇಡ. ಪ್ಯಾರಪೆಟ್ ಮೇಲೆ, ಬಾಲ್ಕನಿ ಕಂಬಿಗೆ ನೇತಾಕಿರೋ ಪಾಟು ಒಂದೂ ಉಳೀಬಾರ್ದು, ಅದು ಗಿಡದ ಪ್ರಶ್ನೆ ಅಲ್ಲ, ಕೆಳಗೆ ಓಡಾಡೋರ ತಲೆ ಪ್ರಶ್ನೆ.

ಟೆರೇಸ್ ತೋಟದೋರು ಇನ್ನೊಂದು ನೋಡ್ಲೇಬೇಕು, ಮಳೆನೀರು ಇಳಿಯೋ ಪೈಪಿನ ಬಾಯಿ. ಉದುರಿದ ಎಲೆ, ಕೋಕೋಪೀಟ್ ಎಲ್ಲಾ ಅಲ್ಲಿಗೇ ಬಂದು ಕೂರತ್ತೆ. ಪೂರಾ ಗುಡಿಸಿ, ಬಾಯಿಗೆ ಜಾಲರಿ ಇಟ್ಟು, ಜಾಲರಿ ಸುತ್ತ ಇರೋ ಗ್ರೋ ಬ್ಯಾಗ್ ದೂರ ಸರಿಸಿ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂಟಿಮೀಟರ್ ನೀರು ನಿಂತ್ರೆ 100 ಕೆಜಿ ಭಾರ, ಇಡೀ ಟೆರೇಸಿಗೆ ಲೆಕ್ಕ ಹಾಕಿ ನೋಡಿ, ಗೊತ್ತಾಗತ್ತೆ.

ಗೊಬ್ಬರದ ಡಬ್ಬಿ ಮುಚ್ಚಳ, ತಗಡು, ಹಲಗೆ, ಕುರ್ಚಿ, ಪೈಪು, ಕತ್ತರಿ, ಗುದ್ದಲಿ ಎಲ್ಲಾ ಒಳಗೆ. ಕೀಟನಾಶಕ, ಗೊಬ್ಬರದ ಚೀಲ ನೆಲದ ಮೇಲೆ ಬೇಡ, ಎತ್ತರದಲ್ಲಿ ಇಡಿ, ನೆರೆ ನೀರಿಗೆ ಬೆರೆತ್ರೆ ಇಡೀ ಪಾತಿ ಹಾಳು. ಇದರ ಮಧ್ಯೆ ಹತ್ತು ನಿಮಿಷ ಸಿಕ್ರೆ ಬ್ಯಾಕಪ್ ಮಾಡಿ, ಅಂದ್ರೆ ಗೆಣಸಿನ ಬಳ್ಳಿ, ತುಳಸಿ, ಪುದೀನ ಇವುಗಳ ತುಂಡು ಕತ್ತರಿಸಿ ಒಂದು ಲೋಟ ನೀರಲ್ಲಿ ಒಳಗಿಡಿ, ಒಳ್ಳೇ ತಳಿಯ ಬೀಜ ಒಣ ಡಬ್ಬೀಲಿ ಹಾಕಿ. ಹೊರಗಡೆ ಎಲ್ಲಾ ಹೋದ್ರೂ ಅದರಿಂದ ಮತ್ತೆ ಶುರು ಮಾಡಬಹುದು. ತೋಟದ ನಾಲ್ಕು ಮೂಲೆಯಿಂದ ಫೋಟೋನೂ ತೆಗೆದಿಡಿ, ಮರ ಮೊದಲು ಎಷ್ಟು ಆಳದಲ್ಲಿ ಇತ್ತು, ಯಾವ ಕಡೆ ವಾಲಿತ್ತು ಅಂತ ಆಮೇಲೆ ಗೊತ್ತಾಗೋದು ಅದರಿಂದ.

ಗಾಳಿ ಶುರುವಾದ ಮೇಲೆ

ಹೊರಗೆ ಹೋಗ್ಬೇಡಿ, ಅಷ್ಟೇ. ಮಧ್ಯದಲ್ಲಿ ಒಮ್ಮೆಗೇ ಗಾಳಿ ನಿಂತು ಆಕಾಶ ತಿಳಿ ಆದ್ರೆ ಮುಗೀತು ಅಂತ ಚಪ್ಪರ ನೋಡೋಕೆ ಹೋಗೋರು ಇದ್ದಾರೆ, ಅದು ಚಂಡಮಾರುತದ ಕಣ್ಣು ನಿಮ್ಮ ತಲೆ ಮೇಲೆ ಹಾದು ಹೋಗ್ತಿರೋದು. ಸ್ವಲ್ಪ ಹೊತ್ತಲ್ಲೇ ಗಾಳಿ ಎದುರು ದಿಕ್ಕಿಂದ ಅಷ್ಟೇ ಜೋರಾಗಿ ಹೊಡೆಯತ್ತೆ. ಒಂದು ಕಡೆ ವಾಲಿ ಬೇರು ಸಡಿಲ ಆದ ಮರ ಬೀಳೋದು ಬಹಳ ಸಲ ಈ ಎರಡನೇ ಹೊಡೆತಕ್ಕೇ.

ಆದ ಮೇಲೆ: ಮೊದಲ ಎರಡು ಮೂರು ದಿನ

ಬಿದ್ದ ಕೊಂಬೆ ಮುಟ್ಟೋ ಮುಂಚೆ ಅದರೊಳಗೆ ಕರೆಂಟ್ ವೈರ್ ಸಿಕ್ಕಾಕೊಂಡಿದ್ಯಾ ನೋಡಿ, ಇದ್ರೆ ಹತ್ರ ಹೋಗ್ಲೇಬೇಡಿ. ರಾಶಿ ಕೆಳಗೆ ಹಾವು ಇರತ್ತೆ. ಬಾಗಿ ನೆಲಕ್ಕೆ ಒತ್ಕೊಂಡಿರೋ ಕೊಂಬೆ ಕಡಿದ್ರೆ ಬಿಲ್ಲಿನ ಹಾಗೆ ಚಿಮ್ಮತ್ತೆ, ಅಂಥದ್ದನ್ನ ಗೊತ್ತಿರೋರಿಗೆ ಬಿಡಿ.

ಆಮೇಲೆ ಮೊದಲ ಕೆಲಸ, ನೀರು ಹೊರಗೆ ಬಿಡೋದು ಮತ್ತು ಬುಡಮೇಲಾದ ಮರದ ಬೇರಿಗೆ ಒದ್ದೆ ಗೋಣಿಚೀಲ ಮುಚ್ಚೋದು. ಚಂಡಮಾರುತ ಹೋದ ಮೇಲೆ ಬಿಸಿಲು ಚುರುಕಾಗಿ ಬರತ್ತೆ, ಹೊರಗೆ ಬಿದ್ದ ಬೇರು ಬೇಗ ಒಣಗತ್ತೆ. ಗೋಣಿ ಇಲ್ಲಾಂದ್ರೆ ಹಳೇ ಚಾದರ, ಒದ್ದೆ ಮಣ್ಣು, ಏನಾದ್ರೂ ಸರಿ. ಎತ್ತಿ ನಿಲ್ಲಿಸೋಕೆ ಎರಡು ಮೂರು ದಿನ ಆದ್ರೂ ಪರವಾಗಿಲ್ಲ, ಬೇರು ಹಸಿ ಇರ್ಬೇಕು.

ಯಾವ ಮರ ಎತ್ತಬಹುದು? ಕಾಂಡ ನಾಲ್ಕೈದು ಇಂಚು ದಪ್ಪದೊಳಗೆ ಇದ್ದು, ಅರ್ಧದಷ್ಟು ಬೇರು ಇನ್ನೂ ನೆಲದಲ್ಲೇ ಇದ್ರೆ ಒಳ್ಳೇ ಚಾನ್ಸ್ ಇದೆ. ಕಾಂಡ ಉದ್ದಕ್ಕೆ ಸೀಳಿದ್ರೆ ಇಲ್ಲಾ ತಿರುಚಿಕೊಂಡಿದ್ರೆ ಬಿಟ್ಟುಬಿಡಿ. ಎತ್ತೋ ಮುಂಚೆ ಮುರಿದು ಸಿಗುರೆದ್ದ ಬೇರಿನ ತುದಿ ಹರಿತ ಗರಗಸದಲ್ಲಿ ನೀಟಾಗಿ ಕತ್ತರಿಸಿ. ಮೇಲಿನ ಕೊಂಬೇನೂ ಮೂರರಲ್ಲಿ ಒಂದು ಭಾಗ ಇಳಿಸಿ, ಬೇರು ಕಮ್ಮಿ ಆಗಿದೆ ಅಂದ್ರೆ ಮೇಲೂ ಕಮ್ಮಿ ಆಗ್ಬೇಕು. ಬೇರು ಕೂರೋ ಜಾಗದ ಮಣ್ಣು ಕೆದಕಿ ಗುಂಡಿ ದೊಡ್ಡದು ಮಾಡ್ಕೊಳ್ಳಿ, ಇಲ್ಲಾಂದ್ರೆ ಬೇರು ಮಡಚ್ಕೊಂಡು ಮೇಲೇ ನಿಲ್ಲತ್ತೆ. ಕಾಂಡಕ್ಕೆ ಗೋಣಿ ಸುತ್ತಿ ಅದರ ಮೇಲೆ ಅಗಲ ಪಟ್ಟಿ ಹಾಕಿ ನಿಧಾನಕ್ಕೆ ಎಳೀರಿ, ಎಳೆದ ಹಾಗೆ ಬೇರು ಎಲ್ಲಿ ಹೋಗ್ತಿದೆ ಅಂತ ಒಬ್ರು ಬುಡದಲ್ಲಿ ನೋಡ್ತಾ ಇರ್ಲಿ, ಗಾಡಿಗೆ ಕಟ್ಟಿ ಜಗ್ಗಿದ್ರೆ ಉಳಿದ ಬೇರೂ ಕಿತ್ಕೊಂಡು ಬರತ್ತೆ. ಮೊದಲಿದ್ದ ಆಳಕ್ಕೇ ಕೂರಿಸಿ, ಆಳ ಜಾಸ್ತಿ ಬೇಡ. ಮಣ್ಣು ತುಂಬ್ತಾ ತುಂಬ್ತಾ ನೀರು ಬಿಡಿ, ಸಂದಲ್ಲಿ ಗಾಳಿ ಉಳಿಯಲ್ಲ. ಮೂರು ಕಡೆ ಗೂಟ ಕಟ್ಟಿ ಒಂದು ವರ್ಷ ಹಾಗೇ ಬಿಡಿ. ಆಂಡ್ರೂ ಆದ ಮೇಲೆ ಫ್ಲೋರಿಡಾದ ತೋಟದೋರು ಹೀಗೇ ಎಷ್ಟೋ ಮರ ಎತ್ತಿ ನಿಲ್ಲಿಸಿ ಮತ್ತೆ ಫಸಲು ತಗೊಂಡ್ರು.

ಎಲೆ ಎಲ್ಲಾ ಉದುರಿದ ಮರಕ್ಕೆ ಬಿಸಿಲು ಇನ್ನೊಂದು ಶತ್ರು, ಇದನ್ನ ಯಾರೂ ಯೋಚ್ನೆ ಮಾಡಲ್ಲ. ಇಷ್ಟು ವರ್ಷ ನೆರಳಲ್ಲಿದ್ದ ತೊಗಟೆ ಒಮ್ಮೆಗೇ ಬಿಸಿಲಿಗೆ ಬಿದ್ದು ಬೆಂದು ಸೀಳತ್ತೆ, ಆ ಸೀಳಲ್ಲಿ ಹುಳ, ಬೂಸ್ಟು ಸೇರ್ಕೊಳ್ಳತ್ತೆ. ಸುಣ್ಣದ ತಿಳಿ ಇಲ್ಲಾ ಅರ್ಧಕ್ಕರ್ಧ ನೀರು ಬೆರೆಸಿದ ಬಿಳಿ ವಾಟರ್ ಬೇಸ್ ಪೇಂಟನ್ನ ಕಾಂಡಕ್ಕೂ ದಪ್ಪ ಕೊಂಬೆಯ ಮೇಲ್ಭಾಗಕ್ಕೂ ಬಳೀರಿ, ಮಾವು, ಬೆಣ್ಣೆಹಣ್ಣು, ನಿಂಬೆ ಜಾತಿಗೆ ಮುಖ್ಯವಾಗಿ. ಆಯಿಲ್ ಪೇಂಟ್ ಬೇಡ. ಕತ್ತರಿಸಿದ ಗಾಯಕ್ಕೆ ಡಾಂಬರು ಬಳಿಯೋದೂ ಬೇಡ, ನೀಟಾಗಿ ಕುಯ್ದ ಗಾಯಾನ ಮರಾನೇ ಮುಚ್ಕೊಳ್ಳತ್ತೆ. ಪಪ್ಪಾಯಿ ಕಾಂಡ ಮುರಿದಿದ್ರೆ ಮಾತ್ರ ಕೆಳಗೆ ಓರೆಯಾಗಿ ಕತ್ತರಿಸಿ, ಒಳಗೆ ಟೊಳ್ಳಲ್ವಾ, ಮಳೆನೀರು ತುಂಬಿ ಕೊಳೀದೇ ಇರೋಕೆ ತುದೀಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ, ಪಕ್ಕದಿಂದ ಚಿಗುರೊಡೆಯತ್ತೆ.

ಸಮುದ್ರದ ಹತ್ರ ಇರೋರು ಎಲೆ ನೆಕ್ಕಿ ನೋಡಿದ್ರೂ ಗೊತ್ತಾಗತ್ತೆ, ಉಪ್ಪು ಕೂತಿರತ್ತೆ. ಮಳೆ ಇಲ್ದೆ ಬರೀ ಗಾಳಿ ಬಂದಿದ್ರೆ ಎಲೆ, ಕಾಂಡ ಎಲ್ಲಾ ಸಿಹಿನೀರಲ್ಲಿ ತೊಳೀರಿ, ಬೇಗ ಮಾಡಿದಷ್ಟೂ ಎಲೆ ಸುಡೋದು ಕಮ್ಮಿ. ಸಮುದ್ರದ ನೀರೇ ನುಗ್ಗಿದ್ರೆ ಮೊದಲು ಅದು ಬಸಿದು ಹೋಗ್ಲಿ, ಆಮೇಲೆ ಮಣ್ಣು ತುಂಬಾ ಸಿಹಿನೀರು ಹಾಯಿಸಿ ಕೆಳಗೆ ಇಳಿಸ್ಬೇಕು, ಎರೆ ಮಣ್ಣಾದ್ರೆ ಜಿಪ್ಸಂ ಹಾಕಿ ನೀರು ಬಿಟ್ರೆ ಮಣ್ಣಿಗೆ ಅಂಟಿದ ಉಪ್ಪಿನ ಸೋಡಿಯಂ ಬಿಟ್ಕೊಳ್ಳತ್ತೆ.

ನೆರೆ ನೀರು ಮುಟ್ಟಿದ ತರಕಾರಿ

ಮಳೆನೀರು ನಿಂತಿದ್ದು ಬೇರೆ, ಚರಂಡಿ, ಹೊಳೆ, ರಸ್ತೆ ನೀರು ಬಂದಿದ್ದು ಬೇರೆ. ಎರಡನೇದು ಮುಟ್ಟಿದ ಸೊಪ್ಪು, ಟೊಮೇಟೊ, ಸೌತೆ ಯಾವುದನ್ನೂ ತಿನ್ಬೇಡಿ, ಎಷ್ಟು ತೊಳೆದ್ರೂ ಬೇಡ. ಅದ್ರಲ್ಲಿ ಮಲಮೂತ್ರ, ಪೆಟ್ರೋಲು, ಯಾರ ಮನೆ ಕೀಟನಾಶಕವೋ ಎಲ್ಲಾ ಇರತ್ತೆ. ಹೊಸ ಬೆಳೆಗೆ ಎಷ್ಟು ದಿನ ಬಿಡ್ಬೇಕು ಅನ್ನೋಕೆ ಒಂದು ಅಳತೆ ಇದೆ. ಅಮೆರಿಕದ ಸಾವಯವ ನಿಯಮದಲ್ಲಿ ಹಸಿ ಸಗಣಿ ಗೊಬ್ಬರ ಹಾಕಿದ ಮಣ್ಣಲ್ಲಿ, ನೆಲಕ್ಕೆ ತಾಗೋ ಬೆಳೇನ 120 ದಿನ ಆದ ಮೇಲೆ, ತಾಗದೇ ಇರೋ ಬೆಳೇನ 90 ದಿನ ಆದ ಮೇಲೆ ಕುಯ್ಯಬಹುದು ಅಂತಿದೆ. ಕೊಳಚೆ ನೀರು ಬಂದ ಪಾತಿಗೂ ಅದನ್ನೇ ಇಟ್ಕೊಂಡ್ರೆ ತೊಂದ್ರೆ ಇಲ್ಲ, ಮಧ್ಯದಲ್ಲಿ ಸೆಣಬೋ ಇನ್ನೇನೋ ಹಸಿರೆಲೆ ಬೆಳೆ ಹಾಕಿ ಮಣ್ಣು ಸುಧಾರಿಸ್ಕೊಳ್ಳಿ. ನೆಲ ಒದ್ದೆ ಇರುವಾಗ ಅಗೀಬೇಡಿ, ತುಳಿದಾಡಬೇಡಿ, ಹೆಂಟೆ ಕಟ್ಟಿ ಗಟ್ಟಿ ಆಗತ್ತೆ.

ಬರೀ ಮಳೆನೀರು ಆಗಿದ್ರೆ ಮಣ್ಣು ಪುಡಿಯಾಗೋ ಹದಕ್ಕೆ ಬಂದ ತಕ್ಷಣ ದಂಟು, ಮೆಂತ್ಯ, ಮೂಲಂಗಿ ಬಿತ್ತಿ, ತಿಂಗಳೊಳಗೆ ಅಡುಗೆಮನೆಗೆ ಏನಾದ್ರೂ ಬರತ್ತೆ. ಪಾಟು, ತಟ್ಟೆ, ಡ್ರಮ್‌ನಲ್ಲಿ ನಿಂತ ನೀರು ಚೆಲ್ಲಿ, ಸೊಳ್ಳೆಗೆ ಒಂದು ವಾರ ಸಾಕು. ಉದುರಿದ ಹಣ್ಣು ಬಿದ್ದಲ್ಲೇ ಬಿಟ್ರೆ ಹಣ್ಣುನೊಣ ಮೊಟ್ಟೆ ಇಡತ್ತೆ, ಆರಿಸಿ ಹೂತುಬಿಡಿ.

ಮರಾನ ಬೇಗ ಕಡೀಬೇಡಿ

ಎಲೆ ಒಂದೂ ಇಲ್ಲ ಅಂದ್ರೆ ಸತ್ತಿದೆ ಅಂತ ಅಲ್ಲ. ತೊಗಟೇನ ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರು ಇದ್ರೆ ಜೀವ ಇದೆ. ತುದಿ ಕೊಂಬೆ ಒಣಗಿದ್ರೂ ಕೆಳಗೆ ಹಸಿರು ಇರತ್ತೆ, ಸ್ವಲ್ಪ ಸ್ವಲ್ಪ ಕೆಳಗೆ ಕೆರೀತಾ ಬನ್ನಿ. ಎಷ್ಟು ಸತ್ತಿದೆ ಅಂತ ಮರಾನೇ ಚಿಗುರಿ ತೋರ್ಸತ್ತೆ, ಆಮೇಲೆ ಕತ್ತರಿಸಿದ್ರೆ ಆಯ್ತು. ಅಲ್ಲಿ ತನಕ ನೀರು ಹದವಾಗಿ ಕೊಡಿ, ಬೇರು ಕಮ್ಮಿ ಇರೋ ಮರ ಒಣ ಹವೆ ತಡ್ಕೊಳ್ಳಲ್ಲ. ಗೊಬ್ಬರ ಈಗ್ಲೇ ಬೇಡ, ಹೀರೋಕೆ ಬೇರಿಲ್ಲ, ಹೊಸ ಚಿಗುರು ಬಂದ ಮೇಲೆ ಸ್ವಲ್ಪ ಸ್ವಲ್ಪ ಆಗಾಗ ಕೊಡಿ.

ಕಸಿ ಗಿಡ ಮುರಿದಿದ್ರೆ ಚಿಗುರು ಎಲ್ಲಿಂದ ಬರ್ತಿದೆ ಅಂತ ಬಗ್ಗಿ ನೋಡ್ಲೇಬೇಕು. ಬುಡದಲ್ಲಿ ಕಸಿ ಕೂಡಿದ ಗಂಟು ಕಾಣತ್ತಲ್ಲ, ಅದರ ಮೇಲಿಂದ ಬಂದ ಚಿಗುರು ನಿಮ್ಮ ತಳಿ. ಕೆಳಗಿಂದ ಬಂದಿದ್ದು ಕಾಡು ಗಿಡ, ನೋಡೋಕೆ ಅದೇ ಜೋರಾಗಿ ಹಸಿರಾಗಿ ಬೆಳೆಯತ್ತೆ, ಜನ ಖುಷಿಯಾಗಿ ಬಿಟ್ಕೊಂಡು ನಾಲ್ಕು ವರ್ಷ ಆದ್ಮೇಲೆ ಇದೇನು ಹಣ್ಣು ಹೀಗಿದೆ ಅಂತಾರೆ. ಮೇಲೆ ಚಿಗುರು ಇದ್ರೆ ಕೆಳಗಿನದ್ದನ್ನ ಬೆರಳಲ್ಲೇ ಚಿವುಟಿ ಹಾಕಿ. ಮೇಲೆ ಏನೂ ಬಂದಿಲ್ಲ, ಕೆಳಗಿಂದ ಮಾತ್ರ ಬಂದಿದೆ ಅಂದ್ರೆ ಒಂದು ಗಟ್ಟಿ ಚಿಗುರು ಬಿಟ್ಕೊಂಡು ಪೆನ್ಸಿಲ್ ದಪ್ಪ ಆದ್ಮೇಲೆ ಅದಕ್ಕೇ ಹೊಸದಾಗಿ ಕಸಿ ಕಟ್ಟಿಸಿ, ಕೆಳಗಿರೋ ಬೇರು ಹಳೇದು, ಗಟ್ಟಿ ಇದೆ, ನರ್ಸರಿ ಗಿಡಕ್ಕಿಂತ ಬೇಗ ಕಾಯಿಗೆ ಬರತ್ತೆ.

ಕೆಲವು ಮರ ಈ ಏಟಿಗೆ ಗಾಬರಿ ಬಿದ್ದು ಕಾಲ ಅಲ್ಲದ ಕಾಲದಲ್ಲಿ ಹೂ ಬಿಡತ್ತೆ. ನಿಂತೇ ಇದ್ದ ಮರ ಆದ್ರೆ ಬಿಟ್ಕೊಳ್ಳಿ. ಬಿದ್ದು ಎತ್ತಿ ನಿಲ್ಲಿಸಿದ ಮರ ಆದ್ರೆ ಆ ಸಲದ ಹೂವು, ಮಿಡಿ ಎಲ್ಲಾ ಕಿತ್ತು ಹಾಕಿ, ಮೊದಲು ಅದು ಬೇರು ಇಳಿಸ್ಕೊಳ್ಳಲಿ.